ಕತ್ತರಿಯಕ್ಕ ಕೂತ ಕುರ್ಚಿ

ಕತ್ತರಿಯಕ್ಕ ಯಾರಿಗೂ ಸೊಪ್ಪು ಹಾಕಿದವಳಲ್ಲ. ಗಂಡ ತೀರಿಕೊಂಡ ಮೇಲೆ ಅವನ ಕ್ಷೌರದಂಗಡಿಗೆ ಇವಳು ಬೀಗ ಜಡಿಯುತ್ತಾಳೆ ಎಂದು ಇಡೀ ಬೀದಿ ಕಾದು ಕೂತಿತ್ತು. ಅವಳು ಬಾಗಿಲು ತೆಗೆದಳು, ಗಂಡನ ನೀಲಿ ಕೋಟು ತೊಟ್ಟಳು, ಕಿಟಕಿ ಪಕ್ಕದ ಕುರ್ಚಿಯ ಹಿಂದೆ ಹೋಗಿ ನಿಂತಳು. ಹೆಂಗಸಿನ ಕೈಗೆ ಗಡ್ಡ ಕೊಡುವುದುಂಟೇ ಎಂದು ಮೂಗು ಮುರಿದ ಗಂಡಸರೇ ಒಬ್ಬೊಬ್ಬರಾಗಿ ಬಂದು ಗಲ್ಲ ಎತ್ತಿ ಕೂತರು. ಬರದೆ ಏನು ಮಾಡುತ್ತಾರೆ? ಅವಳ ಕತ್ತಿ ಕೆನ್ನೆಯ ಮೇಲೆ ಓಡಿದ್ದೇ ಗೊತ್ತಾಗುತ್ತಿರಲಿಲ್ಲ. ಈಗ ಅವಳ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಹಿರಿಯರಿಗೂ ಅವಳು ಕತ್ತರಿಯಕ್ಕ, ಅವರ ಮೊಮ್ಮಕ್ಕಳಿಗೂ ಕತ್ತರಿಯಕ್ಕ.

ಅಂಗಡಿಯಲ್ಲಿ ಇರುವುದು ಎರಡೇ ಕುರ್ಚಿ. ಕಿಟಕಿ ಪಕ್ಕದ್ದು ಅವಳದು. ಬೆಳಕು ಬೀಳುವುದು ಅದರ ಮೇಲೆ, ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದೂ ಅದೇ. ಒಳಗಿನ ಕುರ್ಚಿ ಮೈದುನನದು. ಮೈದುನ ಕೆಟ್ಟವನೇನಲ್ಲ. ಅತ್ತಿಗೆ ಎಂದರೆ ಗೌರವ, ಎದುರು ಮಾತಾಡುವವನಲ್ಲ. ಆದರೆ ವರ್ಷಾನುಗಟ್ಟಲೆ ಒಳಗಿನ ಕುರ್ಚಿಯ ಹಿಂದೆ ನಿಂತು ಕಿಟಕಿಯನ್ನೇ ನೋಡಿದವನ ಮನಸ್ಸಿನಲ್ಲಿ ಏನಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಮಂಜಾದದ್ದು ಕನ್ನಡಿ. ಕತ್ತರಿಯಕ್ಕ ದಿನಾ ಬೆಳಿಗ್ಗೆ ಕನ್ನಡಿ ಉಜ್ಜಿದಳು, ಸೋಪು ಬದಲಾಯಿಸಿದಳು, ಬಟ್ಟೆ ಬದಲಾಯಿಸಿದಳು, ಕೊನೆಗೆ ಟ್ಯೂಬ್‌ಲೈಟನ್ನೇ ಬದಲಾಯಿಸಿ ಮಾರಿದವನಿಗೆ ಹಿಡಿಶಾಪ ಹಾಕಿದಳು. ಅಂಗಡಿಯ ಹಳೇ ಗಿರಾಕಿ, ನಿವೃತ್ತ ಬಸ್ ಡ್ರೈವರ್ ತಾತನೂ ಅದೇ ರಾಗ ಎಳೆಯುತ್ತಿದ್ದ: "ಕನ್ನಡಿ ಒರೆಸಮ್ಮ, ನನ್ನ ಮುಖ ನಂಗೇ ಕಾಣ್ತಿಲ್ಲ." ಇಬ್ಬರೂ ಸೇರಿ ಆ ಪಾಪದ ಕನ್ನಡಿಯನ್ನು ಬೈದದ್ದೇ ಬೈದದ್ದು. ಕೊನೆಗೊಂದು ದಿನ ಎದುರಂಗಡಿ ದರ್ಜಿಯ ಕಿವಿಯ ತುದಿ ಅವಳ ಕತ್ತಿಗೆ ಸಿಕ್ಕಿತು. ಒಂದು ಹನಿ ರಕ್ತ. ಪಟಿಕದ ಕಲ್ಲು ಒತ್ತಿದ ಮೇಲೆ ಅದೂ ನಿಂತಿತು. ದರ್ಜಿ, "ನಾನೂ ಎಷ್ಟು ಸಲ ಬೆರಳಿಗೆ ಸೂಜಿ ಚುಚ್ಕೊಂಡಿಲ್ಲ ಬಿಡಿ" ಎಂದು ನಕ್ಕ. ಕತ್ತರಿಯಕ್ಕ ನಗಲಿಲ್ಲ. ಮಾರನೆಯ ದಿನವೇ ಕಣ್ಣಾಸ್ಪತ್ರೆಗೆ ಹೋದಳು. ಮಂಜು ಕನ್ನಡಿಯಲ್ಲಿರಲಿಲ್ಲ, ಅವಳ ಬಲಗಣ್ಣಿನ ಪೊರೆಯಲ್ಲಿತ್ತು.

ಆಪರೇಷನ್ನು ಒಂದು ತಲೆ ಕಟಿಂಗ್ ಮಾಡುವಷ್ಟು ಹೊತ್ತೂ ಹಿಡಿಯಲಿಲ್ಲ. ಮಾರನೆ ದಿನ ಪಟ್ಟಿ ಬಿಚ್ಚಿದಾಗ ಅವಳಿಗೆ ಜಗತ್ತನ್ನೇ ಯಾರೋ ಒಗೆದು ಒಣಗಹಾಕಿದ ಹಾಗೆ ಕಂಡಿತು. ಕರೆದುಕೊಂಡು ಹೋಗಲು ಮೈದುನ ಬಂದಿದ್ದ. ಕಿಟಕಿಯಾಚೆ ರಸ್ತೆಯಲ್ಲಿ ಅವನ ಕೈಯಲ್ಲೇ ಕಟಿಂಗ್ ಮಾಡಿಸಿಕೊಂಡ ಬ್ಯಾಂಕಿನವನೊಬ್ಬ ಹೋಗುತ್ತಿದ್ದ. ಅವನ ಕೆನ್ನೆಗೂದಲು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಇಷ್ಟು ದಿನ ಇವನು ಊರಿನ ತಲೆಗಳನ್ನೆಲ್ಲ ಹೀಗೆ ಸೊಟ್ಟ ಮಾಡಿ ಕಳಿಸುತ್ತಿದ್ದನಾ ಎಂದು ಅವಳು ಮೈದುನನ ಕಡೆ ತಿರುಗಿದಳು.

ಡಾಕ್ಟರಮ್ಮ ಎರಡು ಪುಟ್ಟ ಬಾಟ್ಲಿ ಕೈಗಿತ್ತರು. "ಇವೆರಡೂ ಕಣ್ಣೊಳಗಿನ ಊತ ಇಳಿಸೋ ಡ್ರಾಪ್ಸು. ಕೈ ತೊಳ್ಕೊಂಡು, ಬಾಟ್ಲಿ ಕುಲುಕಿ, ಕೆಳ ರೆಪ್ಪೆ ಎಳೆದು ಒಂದೇ ಹನಿ ಹಾಕ್ಬೇಕು. ಬಾಟ್ಲಿ ತುದಿ ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೇನ ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ. ಐದು ನಿಮಿಷ ಬಿಟ್ಟು ಇನ್ನೊಂದು ಬಾಟ್ಲೀದು. ಹೀಗೆ ದಿನಕ್ಕೆ ನಾಲ್ಕು ಹೊತ್ತು."

"ಕಣ್ಣು ಚೆನ್ನಾಗೇ ಕಾಣ್ತಿದೆಯಲ್ಲ ಡಾಕ್ಟ್ರೇ, ಇನ್ನು ಇದೆಲ್ಲ ಯಾಕೆ?"

"ಕಾಣ್ತಿದೆ ಅಂದ ಮಾತ್ರಕ್ಕೆ ಒಳಗಿನ ಗಾಯ ಮಾಗಿದೆ ಅಂತಲ್ಲಮ್ಮ. ನಾನು ಕಮ್ಮಿ ಮಾಡಿ ಅಂದಾಗ ಕಮ್ಮಿ ಮಾಡಿ, ನಿಲ್ಲಿಸಿ ಅಂದಾಗ ನಿಲ್ಲಿಸಿ. ನಿಮ್ಮಷ್ಟಕ್ಕೆ ನೀವೇ ತಪ್ಪಿಸಿದ್ರೆ ಮಾತ್ರ ನಾನು ಜವಾಬ್ದಾರಳಲ್ಲ."

ದಾರಿಯಲ್ಲಿ ಮೈದುನ ಮೆಲ್ಲಗೆ ಬಾಯಿಬಿಟ್ಟ. "ಅತ್ತಿಗೆ, ಈ ಆಪರೇಷನ್ ವಿಷಯ ಅಂಗಡೀಲಿ ಎತ್ತೋದು ಬೇಡ. ಕಣ್ಣು ಆಪರೇಷನ್ ಆದೋರ ಕತ್ತಿಗೆ ಯಾರಾದ್ರೂ ಕುತ್ತಿಗೆ ಕೊಡ್ತಾರಾ? ನೀವೇ ಹೇಳಿ. ತಂಗಿ ಮನೆಗೆ ಹೋಗಿದ್ರು ಅಂತ ಹೇಳ್ತೀನಿ."

ಕತ್ತರಿಯಕ್ಕ ಹೂಂ ಎಂದಳು. ಜೀವಮಾನದಲ್ಲಿ ಯಾರ ಮಾತಿಗೂ ಹೂಂ ಅನ್ನದವಳು ಅವತ್ತು ಅಂದಳು. ಕಿಟಕಿ ಪಕ್ಕದ ಕುರ್ಚಿ ಕೈತಪ್ಪಿದರೆ ಎಂಬ ಭಯ ಅವಳಿಗೂ ಇತ್ತು. ಆ ಕುರ್ಚಿ ಹೋದರೆ ಅವಳಿಗೆ ಉಳಿಯುವುದು ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲು, ಬಂದವರಿಗೆ 'ಕೂತ್ಕೊಳ್ಳಿ' ಅನ್ನುವ ಕೆಲಸ.

ನಿಂತು ಮಾಡುವ ಕೆಲಸಕ್ಕೆ ಡಾಕ್ಟರಮ್ಮ ಒಪ್ಪಿದ ಮೇಲೆ ಅವಳು ಅಂಗಡಿಗೆ ಬಂದಳು. ಬಾಟ್ಲಿಗಳು ಹಿಂದಿನ ಕೋಣೆಯಲ್ಲಿ, ಟವೆಲ್ ಇಡುವ ಕಪಾಟಿನಲ್ಲಿ, ಒಗೆದ ಟವೆಲ್ಲುಗಳ ಹಿಂದೆ ಅಡಗಿ ಕೂತವು. ಕಳ್ಳಮಾಲೂ ಅಷ್ಟು ಭದ್ರವಾಗಿ ಇರಲಾರದು. ಹನಿ ಹಾಕುವ ಹೊತ್ತು ಮಾತ್ರ ಗಿರಾಕಿಯ ಮುಖ ನೋಡಿಕೊಂಡು ಬರುವುದಿಲ್ಲವಲ್ಲ. ಒಬ್ಬನ ಕೆನ್ನೆಗೆ ನೊರೆ ಹಚ್ಚಿ ಮುಗಿಸುವಷ್ಟರಲ್ಲಿ ಹೊತ್ತಾಗುತ್ತಿತ್ತು. ನೊರೆ ಒಣಗಲು ಬಿಟ್ಟು ಹಿಂದೆ ಹೋದರೆ ಅನುಮಾನ. ಹೋದಳೆಂದೇ ಇಟ್ಟುಕೊಳ್ಳಿ, ಒಂದು ಹಾಕಿ ಇನ್ನೊಂದಕ್ಕೆ ಐದು ನಿಮಿಷ ಕಣ್ಣು ಮುಚ್ಚಿ ನಿಂತರೆ ಬೆಂಚಿನ ಮೇಲೆ ಕೂತವರು, "ಅಕ್ಕ ಎಲ್ಲಿ ಮಾಯವಾದ್ರು?" ಎಂದು ಕೂಗುತ್ತಿದ್ದರು. ಹೀಗಾಗಿ ಒಂದು ಹೊತ್ತು ತಪ್ಪಿತು, ಆಮೇಲೆ ಎರಡು ತಪ್ಪಿತು. ಕಣ್ಣು ಏನೂ ಅನ್ನಲಿಲ್ಲ. ಏನೂ ಅನ್ನದ ಕಣ್ಣಿಗೆ ಮದ್ದು ಯಾಕೆ ಎಂದು ಅವಳ ಬುದ್ಧಿಯೂ ತಾಳ ಹಾಕಿತು. ಕಡೆಗೆ ಕಪಾಟಿನ ಬಾಗಿಲು ತೆಗೆಯುವುದೇ ಅಪರೂಪವಾಯಿತು.

ಕಣ್ಣು ಎಷ್ಟು ದಿನ ಸುಮ್ಮನಿರುತ್ತದೆ? ಒಂದು ಬೆಳಿಗ್ಗೆ ಕಿಟಕಿಯ ಬೆಳಕು ಚುಚ್ಚಿತು. ಮಧ್ಯಾಹ್ನಕ್ಕೆ ಒಳಗೆ ಯಾರೋ ಹಿಂಡಿದಂಥ ನೋವು. ಆಗ ಕುರ್ಚಿಯಲ್ಲಿದ್ದವನು ಬೀದಿ ಮೂಲೆಯ ಬೇಕರಿಯವನು. ಅರ್ಧ ಗಡ್ಡ ಆಗಿತ್ತು. ಅವನು ಕಣ್ಣೆತ್ತಿ ಅವಳ ಮುಖ ನೋಡಿದವನೇ ಮೆಟ್ಟಿಬಿದ್ದ.

"ಅಯ್ಯೋ, ಕಣ್ಣು ಕೆಂಡದ ಹಾಗಿದೆ! ಕಣ್ಣುಬೇನೆ! ಅಂಟ್ಕೊಳ್ಳುತ್ತೆ!"

"ಇದು ಅದಲ್ಲ ಕಣಪ್ಪ, ಇದು..." ಅಂದಳು, ಮುಂದೆ ಹೇಳಲಾಗಲಿಲ್ಲ. ಹೇಳಬಾರದೆಂದು ತಾನೇ ಹೂಂ ಅಂದಿದ್ದಳಲ್ಲ. ಬೇಕರಿಯವನು ಒಂದು ಕೆನ್ನೆಯ ನೊರೆ ಸಮೇತ, ಕೊರಳಿನ ಬಟ್ಟೆ ಸಮೇತ ಅಲ್ಲಿಂದ ಕಾಲ್ಕಿತ್ತ. ಬೆಂಚಿನ ಮೇಲಿದ್ದವರೂ ಅವನ ಹಿಂದೆಯೇ ಜಾಗ ಖಾಲಿ ಮಾಡಿದರು. ಸಂಜೆಯ ಹೊತ್ತಿಗೆ ಇಡೀ ಬೀದಿಯಲ್ಲಿ ಕತ್ತರಿಯಕ್ಕನ ಟವೆಲ್ ಮುಟ್ಟಿದರೆ ಕಣ್ಣು ಹೋಗುತ್ತದಂತೆ ಎಂಬ ಸುದ್ದಿ.

ಮಾರನೆ ಬೆಳಿಗ್ಗೆ ಡಾಕ್ಟರಮ್ಮ ಕಣ್ಣಿಗೆ ದೀಪ ಬಿಟ್ಟು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಕತ್ತರಿಯಕ್ಕನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದಳು.

"ಡ್ರಾಪ್ಸ್ ಬಿಟ್ರಿ ಅಲ್ವಾ?"

"ಅಂಗಡೀಲಿ ಹಾಕ್ಕೊಳ್ಳೋಕೆ ಆಗ್ಲಿಲ್ಲ. ಎಲ್ಲಾರೂ ನೋಡ್ತಾರೆ."

"ನೋಡಿದ್ರೆ ಏನು? ಯಾರಿಗೆ ಹೆದರಿ ಬಚ್ಚಿಟ್ರಿ?"

ಊತ ಮತ್ತೆ ಏರಿದೆ, ಹೀಗೇ ಬಿಟ್ಟರೆ ದೃಷ್ಟಿಗೇ ಕುತ್ತು, ಇನ್ನು ಗಂಟೆಗಂಟೆಗೂ ಹನಿ ಹಾಕಬೇಕು, ನಾನು ಹೇಳುವವರೆಗೆ ಕತ್ತಿ ಮುಟ್ಟಬಾರದು ಎಂದು ಡಾಕ್ಟರಮ್ಮ ಹೇಳಿದ್ದೆಲ್ಲ ಕತ್ತರಿಯಕ್ಕನ ಕಿವಿಗೆ ಬಿತ್ತು. ಆದರೆ ತಲೆಯೊಳಗೆ ಕೂತದ್ದು ಆ ಒಂದೇ ಪ್ರಶ್ನೆ. ಗಂಡ ಸತ್ತ ತಿಂಗಳಲ್ಲೇ ಬಾಗಿಲು ತೆಗೆದು ನಿಂತಾಗ ಹೆದರದವಳು ಈ ಹೆಬ್ಬೆರಳುದ್ದದ ಬಾಟ್ಲಿ ತೋರಿಸಲು ಹೆದರಿದಳೇ? ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆಸ್ಪತ್ರೆಯಿಂದ ಮನೆಗೆ ಹೋಗದೆ ನೇರವಾಗಿ ಅಂಗಡಿಗೆ ನಡೆದಳು.

ಅಲ್ಲಿ ಮೈದುನ ಕಿಟಕಿ ಪಕ್ಕದ ಕುರ್ಚಿಯ ಹಿಂದೆ ನಿಂತಿದ್ದ. ಅವನ ಬಾಚಣಿಗೆಗಳು ಅವಳ ಗ್ಲಾಸಿನಲ್ಲಿ, ಅವಳ ಕತ್ತಿ ಮಸೆಯುವ ಚರ್ಮದ ಪಟ್ಟಿ ಒಳಗಿನ ಮೊಳೆಯಲ್ಲಿ. ಕುರ್ಚಿಯಲ್ಲಿ ಹೊಸ ಟವೆಲ್ ಸುತ್ತಿಕೊಂಡ ದರ್ಜಿ, ಬೆಂಚಿನ ಮೇಲೆ ಡ್ರೈವರ್ ತಾತ ಮತ್ತು ಇನ್ನಿಬ್ಬರು.

"ಬನ್ನಿ ಅತ್ತಿಗೆ," ಎಂದ ಮೈದುನ, ಬೆಣ್ಣೆಯಂಥ ದನಿಯಲ್ಲಿ. "ಇನ್ನು ನೀವು ಗಲ್ಲಾ ಹತ್ರ ಆರಾಮಾಗಿ ಕೂತ್ಕೊಳ್ಳಿ. ಎಷ್ಟು ದಿನ ಅಂತ ದುಡೀತೀರಿ? ಇದನ್ನ ನಾನು ನೋಡ್ಕೋತೀನಿ."

ಕತ್ತರಿಯಕ್ಕ ಅವನ ಕಡೆ ನೋಡಲೇ ಇಲ್ಲ. "ದರ್ಜಿಯಣ್ಣ, ಸ್ವಲ್ಪ ಎದ್ದು ಒಳಗಿನ ಕುರ್ಚೀಲಿ ಕೂತ್ಕೋ. ಇವನು ಅಲ್ಲೇ ಮುಗಿಸ್ತಾನೆ." ದರ್ಜಿ ಎದ್ದು ಒಳಗಿನ ಕುರ್ಚಿಗೆ ಹೋದ. ಅವಳು ಮೈದುನನ ಬಾಚಣಿಗೆಗಳನ್ನು ಎತ್ತಿ ಅವನ ಕೈಗಿಟ್ಟಳು. ಚರ್ಮದ ಪಟ್ಟಿ ತಂದು ಅದರ ಜಾಗಕ್ಕೆ ನೇತುಹಾಕಿದಳು. ಹಿಂದಿನ ಕೋಣೆಗೆ ಹೋಗಿ ಕೈ ತೊಳೆದು, ಟವೆಲ್ಲುಗಳ ಹಿಂದಿನಿಂದ ಎರಡೂ ಬಾಟ್ಲಿ ಎತ್ತಿಕೊಂಡು ಬಂದು ಕನ್ನಡಿಯ ಕೆಳಗೆ, ಪೌಡರ್ ಡಬ್ಬಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಆಮೇಲೆ ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿ ಕೂತಳು.

"ಎಲ್ಲಾರೂ ಕೇಳಿಸ್ಕೊಳ್ಳಿ. ನಂಗೆ ಕಣ್ಣುಬೇನೆ ಅಲ್ಲ. ಪೊರೆ ಆಪರೇಷನ್ ಆಗಿದೆ. ತಂಗಿ ಮನೆಗೆ ಹೋಗಿದ್ದೆ ಅಂದಿದ್ದು ಸುಳ್ಳು. ನಿಮಗೆ ಹೆದರ್ಕೊಂಡು ಮದ್ದು ಬಚ್ಚಿಟ್ಟೆ, ಹಾಕೋದು ತಪ್ಪಿಸ್ದೆ, ಅದಕ್ಕೇ ಹೀಗಾಯ್ತು. ಡಾಕ್ಟ್ರು ಹೇಳೋವರ್ಗೂ ನಾನು ಕತ್ತಿ ಮುಟ್ಟಲ್ಲ. ಅಲ್ಲಿವರ್ಗೂ ಈ ಕುರ್ಚೀಲಿ ನನ್ನ ಬಿಟ್ಟು ಯಾರೂ ಕೂರೋ ಹಾಗಿಲ್ಲ."

"ಅತ್ತಿಗೆ, ಒಂದು ಕುರ್ಚಿ ಸುಮ್ನೆ ಖಾಲಿ..."

"ಖಾಲಿ ಎಲ್ಲಿದೆ? ನಾನಿಲ್ವಾ?"

ಕುರ್ಚಿಯ ಹಿಡಿ ಎಳೆದು ಹಿಂದಕ್ಕೆ ಒರಗಿದಳು. ಎಷ್ಟೋ ಸಾವಿರ ತಲೆಗಳನ್ನು ಒರಗಿಸಿದ ದಿಂಬಿನ ಮೇಲೆ ಅವಳ ತಲೆ ಅವತ್ತೇ ಮೊದಲ ಬಾರಿಗೆ ಒರಗಿದ್ದು. ಬಾಟ್ಲಿ ಕುಲುಕಿ, ರೆಪ್ಪೆ ಎಳೆದು, ಒಂದು ಹನಿ. ಮೊದಲನೆಯದು ಕೆನ್ನೆಗೆ ಬಿತ್ತು. ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. "ನಗ್ರಪ್ಪ, ನಗ್ರಿ" ಎಂದು ಅವಳು ಇನ್ನೊಂದು ಹಾಕಿದಳು. ಅದು ಸರಿಯಾಗಿ ಕಣ್ಣಿಗೇ ಬಿತ್ತು.

ಅಂದಿನಿಂದ ಬೀದಿಗೆ ಒಂದು ಹೊಸ ನೋಟ ಸಿಕ್ಕಿತು. ಹನಿಯ ಹೊತ್ತಿಗೆಂದು ಅಲಾರಂ ಇಟ್ಟ ಫೋನು ಜೇಬಿನಲ್ಲಿ ಬಡಿದುಕೊಂಡ ಕೂಡಲೇ ಕತ್ತರಿಯಕ್ಕ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒರಗುತ್ತಿದ್ದಳು. ಗಾಜಿನಾಚೆ ನಿಂತು ನೋಡುವವರು ನೋಡಿದರು, ಹಲ್ಲು ಕಿಸಿಯುವವರು ಕಿಸಿದರು. ಜಪ್ಪಯ್ಯ ಎಂದರೂ ಅವಳು ಅಲ್ಲಿಂದ ಏಳಲಿಲ್ಲ. ಸ್ವಲ್ಪ ದಿನಕ್ಕೆ ಬೀದಿಗೇ ಬೇಸರವಾಗಿ ನಗುವುದು ನಿಂತಿತು. ಆಮೇಲೆ, "ಅಕ್ಕ, ಹೊತ್ತಾಯ್ತು, ಹಾಕ್ಕೊಂಡ್ರಾ?" ಎಂದು ದರ್ಜಿಯೇ ಎದುರಿನಿಂದ ಕೂಗತೊಡಗಿದ.

ಒಂದು ದಿನ ಡ್ರೈವರ್ ತಾತ ಎಂದಿನಂತೆ ಶುರುಮಾಡಿದ: "ಸುಮ್ನೆ ಕೂತಿದ್ದೀಯಲ್ಲ, ಆ ಕನ್ನಡೀನಾದ್ರೂ ಒರೆಸ್ಬಾರ್ದೇನಮ್ಮ?"

"ಕನ್ನಡಿಗೆ ಏನೂ ಆಗಿಲ್ಲ ತಾತ. ನಾನೂ ಅದನ್ನ ಬೈದು ಬೈದು ಇಲ್ಲಿಗೆ ಬಂದೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

"ನನ್ನ ಕಣ್ಣಿಗೇನಾಗಿದೆ? ಜೀವನಪೂರ್ತಿ ಬಸ್ಸು ಓಡ್ಸಿದ ಕಣ್ಣಿದು!" ಎಂದು ತಾತ ದುಮುಗುಟ್ಟುತ್ತ ಎದ್ದು ಹೋದ. ಕೆಲವು ವಾರ ಈ ಕಡೆ ತಲೆ ಹಾಕಲಿಲ್ಲ.

ಊತ ಇಳಿಯಿತು. ಡಾಕ್ಟರಮ್ಮ ಹನಿಗಳನ್ನು ಮೆಲ್ಲಮೆಲ್ಲಗೆ ಕಮ್ಮಿ ಮಾಡುತ್ತ ಬಂದರು. ಕೊನೆಗೆ, "ಕತ್ತಿ ಹಿಡೀರಿ, ಆದ್ರೆ ಬೆಳಿಗ್ಗೆ ಸಂಜೆ ಡ್ರಾಪ್ಸ್ ಇನ್ನೂ ಸ್ವಲ್ಪ ದಿನ ಬಿಡೋ ಹಾಗಿಲ್ಲ" ಎಂದರು.

ಮಾರನೆಯ ಬೆಳಿಗ್ಗೆ ಅವಳು ನೀಲಿ ಕೋಟು ತೊಟ್ಟು, ಕತ್ತಿ ಮಸೆದು, ಕುರ್ಚಿಯ ಹಿಂದೆ ನಿಂತಳು. ಬೆಂಚು ತುಂಬಿತ್ತು. ದರ್ಜಿ ಇದ್ದ, ಬೇಕರಿಯವನಿದ್ದ, ಮೂಲೆಯಲ್ಲಿ ಡ್ರೈವರ್ ತಾತನೂ ಇದ್ದ. "ಬನ್ನಿ" ಎಂದಳು. ಬೇಕರಿಯವನು ಫೋನು ನೋಡತೊಡಗಿದ. ದರ್ಜಿ ತನ್ನ ಕಿವಿ ಸವರಿಕೊಂಡ. ಹಗಲೆಲ್ಲ ಹೊತ್ತಾಯ್ತು ಎಂದು ಕೂಗಿದವನೂ ಕತ್ತಿ ಕಂಡ ಕೂಡಲೇ ಒಳಗಿನ ಕುರ್ಚಿಯ ಕಡೆ ಮುಖ ಮಾಡಿ ಕೂತ. ಯಾರೂ ಏಳಲಿಲ್ಲ. ಕತ್ತರಿಯಕ್ಕನಿಗೆ ಸಿಟ್ಟು ಬಂತು.

"ನೀನು ಬಾರೋ," ಎಂದಳು ಮೈದುನನಿಗೆ.

"ನಾನಾ?"

"ಹೂಂ. ಯಾರಾದ್ರೂ ಕುತ್ತಿಗೆ ಕೊಡ್ತಾರಾ ಅಂತ ಕೇಳಿದ್ಯಲ್ಲ. ಮೊದಲು ನೀನೇ ಕೊಡು."

ಎಲ್ಲರ ಕಣ್ಣೂ ಮೈದುನನ ಮೇಲೆ. ಬೇಡ ಎಂದರೆ ಮಾನ ಹೋಗುತ್ತದೆ, ಕೂತರೆ ಏನು ಹೋಗುತ್ತದೋ ಗೊತ್ತಿಲ್ಲ. ಬಂದು ಕೂತ. ಅವಳು ನೊರೆ ಹಚ್ಚಿ ಅವನ ತಲೆ ಹಿಂದಕ್ಕೆ ಒರಗಿಸಿದಳು. ಅವನ ಗಂಟಲಮಣಿ ಮೇಲೆ ಕೆಳಗೆ ಓಡುತ್ತಿತ್ತು. "ಉಗುಳು ನುಂಗ್ಬೇಡ, ಚರ್ಮ ಅಲ್ಲಾಡುತ್ತೆ" ಎಂದಳು. ಅವನು ಉಸಿರನ್ನೂ ಹಿಡಿದುಕೊಂಡ. ಕತ್ತಿ ಸರಸರ ಓಡಿತು. ಅವನ ಗಲ್ಲದ ಅಡಿಯ ಪುಟ್ಟ ಮಚ್ಚೆ, ಕಿವಿಯ ಹಿಂದೆ ಅವನೇ ವರ್ಷಗಳಿಂದ ಬಿಟ್ಟುಬಿಡುತ್ತಿದ್ದ ನಾಲ್ಕು ಕೂದಲು, ಎಲ್ಲ ಅವಳಿಗೆ ಒಂದೊಂದಾಗಿ ಕಂಡವು. ಒಂದನ್ನೂ ಬಿಡಲಿಲ್ಲ.

ಟವೆಲ್ಲಿನಿಂದ ಮುಖ ಒರೆಸಿ ಕುರ್ಚಿ ನೆಟ್ಟಗೆ ಮಾಡಿದಳು. ಮೈದುನ ಕತ್ತು ಸವರಿಕೊಂಡು ಬೆರಳು ನೋಡಿಕೊಂಡ. ಮತ್ತೆ ಸವರಿಕೊಂಡು ಮತ್ತೆ ನೋಡಿಕೊಂಡ. ಬೆರಳಿಗೆ ಏನೂ ಅಂಟಿರಲಿಲ್ಲ.

"ಪಟಿಕ ಬೇಕೇನೋ?"

"ಬೇಡ ಅತ್ತಿಗೆ," ಎಂದು ತಲೆ ತಗ್ಗಿಸಿದ.

ಡ್ರೈವರ್ ತಾತ ಬೆಂಚಿನಿಂದ ಎದ್ದು ಅವಳ ಕುರ್ಚಿಯ ಕಡೆ ಬಂದ. ಅಷ್ಟರಲ್ಲಿ ಅವಳ ಜೇಬಿನಲ್ಲಿ ಫೋನು ಬಡಿದುಕೊಂಡಿತು. "ನಿಲ್ಲಿ ತಾತ, ನನ್ನ ಹೊತ್ತು" ಎಂದವಳೇ ಕೈ ತೊಳೆದು ಬಂದು ಕುರ್ಚಿಯಲ್ಲಿ ಒರಗಿ ಮೊದಲನೆಯ ಹನಿ ಹಾಕಿಕೊಂಡಳು. ಕಣ್ಣು ಮುಚ್ಚಿ ಮೂಲೆ ಒತ್ತಿ ಹಿಡಿದಳು.

ಮೈದುನನಿಗೆ ಅಭ್ಯಾಸಬಲ. ಒಳಗಿನ ಕುರ್ಚಿಯ ಬಟ್ಟೆ ಕೊಡವಿ, "ಬನ್ನಿ, ಇಲ್ಲಿ ಖಾಲಿ ಇದೆ" ಎಂದ.

ಯಾರೂ ಅತ್ತ ಹೋಗುವ ಹೆಜ್ಜೆಸದ್ದು ಕೇಳಲಿಲ್ಲ. ಕತ್ತರಿಯಕ್ಕ ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟಳು.

"ಇರ್ಲಿ ಬಿಡಪ್ಪ," ಎಂದಿತು ಡ್ರೈವರ್ ತಾತನ ದನಿ. "ಅವಳಿಗೆ ಇನ್ನೊಂದು ಬಾಟ್ಲಿ ಬಾಕಿ ಇದೆ. ನಾವು ಕಾಯ್ತೀವಿ."