ಹೂಂ ಅಂದರೆ ನಿಲ್ಲುವ ಬಿಳಿ ಚೆಂಡು

ಕಾಲುವೆಯ ಕೆಲಸ ಜೋರಾಗಿ ನಡೆದಿದ್ದ ಕಾಲದಲ್ಲಿ ಭೀಮರಾಯನಗುಡಿ ಕ್ಯಾಂಪಿನ ಕ್ಲಬ್ಬಿಗೆ ಗುತ್ತಿಗೆದಾರರೊಬ್ಬರು ಹೈದರಾಬಾದಿನಿಂದ ಪೂಲ್ ಟೇಬಲ್ ತರಿಸಿ ಕೊಟ್ಟರು. ಅದರ ಹಸಿರು ಬಟ್ಟೆ ನೋಡಿದಾಗಲೆಲ್ಲ ನನಗೆ ಆಯಿ, ಅಂದರೆ ನನ್ನ ಅಜ್ಜಿ, ಹೇಳುತ್ತಿದ್ದ ಕಥೆಯ ರಾಜಕುಮಾರ ಕುದುರೆ ಓಡಿಸಿದ ಹುಲ್ಲುಗಾವಲು ನೆನಪಾಗುತ್ತಿತ್ತು. ಕೋಲಿನಿಂದ ಹೊಡೆಯುವ ಬಿಳಿ ಚೆಂಡೇ ಕುದುರೆ. ಸೋದರಮಾವ ಲಾಲಪ್ಪನ ಕೈಗೆ ಸಿಕ್ಕರೆ ಮಾತ್ರ ಆ ಕುದುರೆಗೆ ಹುಚ್ಚು ಹಿಡಿಯುತ್ತಿತ್ತು. ಬಣ್ಣದ ಚೆಂಡನ್ನು ಟೇಬಲ್ಲಿನ ಅಂಚಿನ ಪಾಕೆಟ್ಟಿಗೆ ಕಳಿಸಿ ತಾನೂ ಅದರ ಹಿಂದೆಯೇ ಬೀಳುತ್ತಿತ್ತು. ಒಮ್ಮೆಯಂತೂ ಟೇಬಲ್ ದಾಟಿ ಹಾರಿ ಚಹಾದ ಕೆಟಲಿಗೆ ಬಡಿದಿತ್ತು.

ಮಾಮ ಸರ್ವೆಯವರ ಜೊತೆ ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರ ಹೊತ್ತು ತಿರುಗುವವನು. ನೀರು ತಾನಾಗಿ ಹರಿಯಲೆಂದು ಈ ಇಂಜಿನಿಯರುಗಳು ಎಲ್ಲದಕ್ಕೂ ಇಳಿಜಾರು ಕೊಡುತ್ತಾರೆ, ಟೇಬಲ್ಲಿಗೂ ಕೊಟ್ಟಿದ್ದಾರೆ ಎಂಬುದು ಅವನ ವಾದ. ಕೇಳಿ ಟೈಪಿಸ್ಟ್ ಮನ್ಸೂರಅಲಿಯವರು ನಕ್ಕರು. ಮಾತಿಗೆ ಮಾತು ಬೆಳೆದು ಪಣವೇ ಆಯಿತು: ರಜೆಯ ದಿನವಾದ ಆಯಿತವಾರ ಸಂಜೆಯ ಆಟದಲ್ಲಿ ಮಾಮ ಸೋತರೆ ಮೀಸೆ ಬೋಳಿಸಬೇಕು, ಮನ್ಸೂರಅಲಿಯವರು ಸೋತರೆ ತಮ್ಮ ನುಣ್ಣನೆಯ ಮುಖಕ್ಕೆ ಮೀಸೆ ಬಿಡಬೇಕು.

ಮಾಮನ ಮೀಸೆ ಸಾಮಾನ್ಯದ್ದಲ್ಲ. ಸುರಪುರಕ್ಕೆ ಕನ್ಯೆ ನೋಡಲು ಹೋದಾಗ ರತ್ನಾಬಾಯಿ ಅತ್ತೆ ಮಾಮನಲ್ಲಿ ಮೆಚ್ಚಿದ್ದು ಅದೊಂದನ್ನೇ. ಪಣದ ಸುದ್ದಿ ಕೇಳಿದವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಮೀಸಿ ಇದ್ರ ಮನಿಗಿ ಬರ್ರಿ. ಇಲ್ಲಾಂದ್ರ ಆ ಟೇಬಲ್ ಮ್ಯಾಲೇ ಮಕ್ಕೋರಿ."

ಮರುದಿನವೇ ಮಾಮ ಲೆವೆಲ್ ಯಂತ್ರವನ್ನು ಮುಕ್ಕಾಲಿ ಸಮೇತ ಕ್ಲಬ್ಬಿಗೆ ಹೊತ್ತು ತಂದ. ನಾನು ಅಳತೆಯ ಪಟ್ಟಿ ಹಿಡಿದು ಟೇಬಲ್ಲಿನ ಮೂಲೆ ಮೂಲೆಗೂ ಓಡಾಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವನ ಮುಖ ನೋಡಿ ಮನ್ಸೂರಅಲಿಯವರಿಗೇ ಮರುಕ ಹುಟ್ಟಿತು.

"ಇಳಿಜಾರ ಟೇಬಲ್‌ದಾಗ ಇಲ್ಲ ಲಾಲಪ್ಪ, ನಿನ್ನ ಮೊಣಕೈದಾಗ ಅದ," ಎಂದರು.

ಮಾಮ ಕೋಲನ್ನು ಹಾರೆಯಂತೆ ಬಿಗಿಯಾಗಿ ಹಿಡಿಯುತ್ತಾನಂತೆ. ಚೆಂಡು ಮುಟ್ಟುವ ಹೊತ್ತಿಗೆ ಸರಿಯಾಗಿ ಕೈ ಅಲುಗಿಸುತ್ತಾನಂತೆ, ಅದು ಎಲ್ಲಿ ಹೋಯಿತೆಂದು ತಲೆ ಎತ್ತುತ್ತಾನಂತೆ. ಹಿಡಿತ ಸಡಿಲಿರಬೇಕು. ಕೋಲು ಚೆಂಡಿನ ಹತ್ತಿರ ನಿಲ್ಲದೆ, ಅದರೊಳಗಿಂದ ಹಾದುಹೋಗುವ ಹಾಗೆ ನೇರ ಸಾಗಬೇಕು. ನಡುವಿಗಿಂತ ಚೂರು ಕೆಳಗೆ ಹಾಗೆ ತಾಗಿದರೆ, ಬಿಳಿ ಚೆಂಡು ಎದುರಿನದನ್ನು ಕಳಿಸಿ ತಾನು ಅಲ್ಲೇ ನಿಲ್ಲುತ್ತದೆ.

ಎದುರಾಳಿಯೇ ಇಷ್ಟು ಹೇಳಿಕೊಟ್ಟರೂ ಕೈ ಕೇಳಬೇಕಲ್ಲ. ಮಾಮ ಅಂಗಳದ ಹಲಗೆಯ ಮೇಲೆ ಎರಡೆರಡು ಉಳ್ಳಾಗಡ್ಡಿ ಇಟ್ಟು, ಜೋಳದ ದಂಟಿನಿಂದ ಅಭ್ಯಾಸಕ್ಕೆ ನಿಂತ. ಉಳ್ಳಾಗಡ್ಡಿ ದಿಕ್ಕಾಪಾಲಾಗಿ ಹಾರಿದವು. ಅತ್ತೆ ಅವನ್ನೇ ಆರಿಸಿ ಪಲ್ಯ ಮಾಡಿದಳು.

ಶನಿವಾರ ಸಂಜೆ ಮಾಮನ ತಾಯಿ, ನನ್ನ ಆಯಿ ಭೀಮಮ್ಮ, ಕಟ್ಟೆಯ ಮೇಲೆ ಕುಳಿತು ನನಗೆ ಕಥೆ ಶುರು ಮಾಡಿದಳು. ಸಾಲು ಸಾಲಿಗೂ "ಹೂಂ" ಅನ್ನುವುದು ನನ್ನ ಕೆಲಸ. ಹೂಂ ನಿಂತರೆ ಕಥೆಯೂ ನಿಂತಿತು; ಅದು ಆಯಿಯ ಕಾನೂನು. ಅಲ್ಲೇ ದಂಟು ಹಿಡಿದು ಬಾಗಿದ್ದ, ಚಿಕ್ಕಂದಿನಲ್ಲಿ ಆ ದನಿಗೇ ನಿದ್ದೆ ಹೋಗುತ್ತಿದ್ದ ಮಾಮನ ರೆಪ್ಪೆ ಜೋತುಬಿದ್ದವು, ಹೆಗಲು ಇಳಿಯಿತು, ಮುಷ್ಟಿ ಸಡಿಲಾಯಿತು. ಕಥೆಯ ಸಾಲಿಗೆ ದಂಟು ಹಿಂದೆ ಬಂತು, ನನ್ನ ಹೂಂಗೆ ಮುಂದೆ ಹೋಯಿತು. ಎದುರಿನ ಉಳ್ಳಾಗಡ್ಡಿ ಉರುಳಿ ಗೋಡೆ ಮುಟ್ಟಿತು. ಹೊಡೆದದ್ದು ಅಲ್ಲೇ ನಿಂತಿತು.

ಹಾಗಾಗಿ ಆಯಿತವಾರ ಮಾಮ ನಮ್ಮಿಬ್ಬರನ್ನೂ ಕ್ಲಬ್ಬಿನ ಕಿಟಕಿಯ ಹೊರಗೆ ಕೂರಿಸಿದ. ಒಳಗೆ ಆಟ, ಹೊರಗೆ ಕಥೆ. ರಾಜಕುಮಾರ ವನದುರ್ಗದಂಥ ಕೋಟೆಯ ಕಡೆಗೆ ಬಿಳಿ ಕುದುರೆ ಬಿಟ್ಟಿದ್ದ. ಮಾಮ ಒಂದೊಂದೇ ಚೆಂಡು ಇಳಿಸುತ್ತಿದ್ದ. ಕೊನೆಗೆ ಕರಿ ಚೆಂಡು ಉಳಿಯಿತು, ಪಾಕೆಟ್ಟಿನ ಬಾಯಲ್ಲೇ. ಅದನ್ನು ಹಾಕಿದರೆ ಗೆಲುವು; ಹಿಂದೆಯೇ ಬಿಳಿಯದೂ ಬಿದ್ದರೆ ಸೋಲು. ಕ್ಷೌರದಂಗಡಿಯ ಮಲ್ಕಪ್ಪ ಆಗಲೇ ಬಟ್ಟಲಲ್ಲಿ ಸಾಬೂನಿನ ನೊರೆ ಎಬ್ಬಿಸುತ್ತಿದ್ದ.

ಅಷ್ಟರಲ್ಲಿ ಕಥೆ ನಿಂತಿತು. ನಾನು ಆ ಕುದುರೆಯ ಬೆನ್ನೇರಿ ಎಲ್ಲೋ ಹೋಗಿಬಿಟ್ಟಿದ್ದೆ; ಹೂಂ ಅನ್ನುವುದು ಮರೆತೇಹೋಗಿತ್ತು. ಆಯಿ ಸುಮ್ಮನೆ ಎಲೆ ಅಡಿಕೆಯ ಚೀಲ ಬಿಚ್ಚತೊಡಗಿದಳು. ಒಳಗೆ ಮಾಮನ ಕೈ ಅರ್ಧಕ್ಕೇ ಸೆಟೆದುಕೊಂಡಿತು, ಮೀಸೆಯ ಎರಡೂ ತುದಿ ನಡುಗಿದವು. ಮಲ್ಕಪ್ಪ ನೊರೆಯ ಬಟ್ಟಲು ಹಿಡಿದು ಒಂದು ಹೆಜ್ಜೆ ಮುಂದೆ ಬಂದ.

ಟೇಬಲ್ ಮೇಲೆ ಬಾಗಿದ್ದ ಮಾಮ ತಲೆ ಎತ್ತದೆ, "ಹೂಂ," ಎಂದ.

ಇಡೀ ಕ್ಲಬ್ಬು ಅವನತ್ತ ತಿರುಗಿತು. ಆಯಿಗೆ ಯಾರ ಹೂಂ ಆದರೇನು.

"ಆಮ್ಯಾಲ ರಾಜಾನ ಮಗ ಲಗಾಮ ಸಡ್ಲ ಬಿಟ್ಟ. ಕುದುರಿ ಬಾವಿ ದಂಡಿಗಿ ಬಂದು ತಾನ ನಿಂತಿತು."

ಕೋಲು ನೇರ ಸಾಗಿತು. ಕರಿ ಚೆಂಡು ಒಳಗಿಳಿಯಿತು. ಬಿಳಿಯದು ತಾಗಿದಲ್ಲೇ ನಿಂತಿತು. ಮಾಮ ಮಾತ್ರ ಮೇಲೇಳಲಿಲ್ಲ. ಹಸಿರು ಬಟ್ಟೆಗೆ ಕೆನ್ನೆ ಕೊಟ್ಟು ಗೊರಕೆ ಹೊಡೆಯತೊಡಗಿದ್ದ. ಕೊನೆಗೆ ಅತ್ತೆಯೇ ಬಂದು ಮೀಸೆ ಜಗ್ಗಿ ಎಬ್ಬಿಸಬೇಕಾಯಿತು.

ಮನ್ಸೂರಅಲಿಯವರು ಮಾತಿಗೆ ತಪ್ಪಲಿಲ್ಲ, ಮೀಸೆ ಬಿಟ್ಟರು. ಅದು ಎಡಕ್ಕೆ ದಟ್ಟವಾಗಿ ಮೇಲೆ, ಬಲಕ್ಕೆ ತೆಳ್ಳಗಾಗಿ ಕೆಳಗೆ ಬೆಳೆಯಿತು. ಅವರ ಹೆಂಡತಿ ಕುಬ್ರಾಬೇಗಂ ಗಂಡನನ್ನು ಕರೆದುಕೊಂಡು ನಮ್ಮ ಮನೆಗೇ ಬಂದು, ಈ ಪಣ ಇನ್ನು ಸಾಕು ಮಾಡಿರೆಂದು ಗೋಳಾಡಿದರು. ಮಾಮ ಒಂದು ಕಣ್ಣು ಮುಚ್ಚಿ ಆ ಮೀಸೆಯನ್ನು ಬಹಳ ಹೊತ್ತು ನೋಡಿದ.

"ಇಳಿಜಾರ ಅದ ಸಾಬ್ರ," ಎಂದ. "ತಡೀರಿ, ಲೆವೆಲ್ ತರ್ತೀನಿ."