ಶನಿಗ್ರಹದ ಮೂರು ಕಾಲಿನವನ ಕೊನೆಯ ನಡಿಗೆ

ಕ್ವಿಲ್ಬಿಯನ್ನು ಹುಟ್ಟಿಸಿದವನು ಎಮಿಲ್ ಸ್ಟಾಡ್ನಿಕ್. ಸೋಪು ಹಾಕಿ ತಿಕ್ಕಿ ಅಳಿಸಿದವನು ನಾನು, ಡೆಲ್ಮರ್.

ಹಾಲಿವುಡ್ಡಿನ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ಕಾರ್ಟೂನ್ ಕಂಪನಿ ಇತ್ತು. ಕೆಳಗೆ ಬ್ರೆಡ್ಡು ಬೇಯುತ್ತಿತ್ತು, ಮೇಲೆ ನಾವು. ಒಂದು ಜುಲೈನ ಕಡುಬೇಸಿಗೆಯಲ್ಲಿ ನಾನು ಕಿಟಕಿಯಲ್ಲಿಟ್ಟ ಮೊಟ್ಟೆ ಒಡೆದು ಮರಿ ಹೊರಗೆ ಬಂದು, ಮೊದಲು ನೀರು ಕೇಳಿ ಆಮೇಲೆ ಚಿಂವ್ ಅಂದಿತ್ತು. ಅದನ್ನು ನಂಬದಿದ್ದರೂ ಪರವಾಗಿಲ್ಲ. ಈಗ ಹೇಳುವುದನ್ನು ಮಾತ್ರ ನಾನೊಬ್ಬನೇ ನೋಡಿದ್ದಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಮ್ಮ ಯಜಮಾನ ಮಿಸ್ಟರ್ ಪೆಲ್‌ಹ್ಯಾಮ್ ಎಮಿಲ್‌ನ ಮೇಜಿನ ಮುಂದೆ ಬಂದು ನಿಂತರು. ನಮ್ಮ ಚಿತ್ರಗಳ ನಾಯಕಿ ಡಾಟಿ ಎಂಬ ಕೋಳಿ. ಅವಳ ಎದುರಿಗೆ ನಿಲ್ಲಲು ಒಬ್ಬ ಖಳ ಬೇಕಾಗಿತ್ತು.

"ಎರಡು ವಾರದಲ್ಲಿ ನಂಗೊಬ್ಬ ವಿಲನ್ ಬೇಕು ಎಮಿಲ್. ತೋಳ ಬೇಡ, ನರಿ ಬೇಡ, ಬೆಕ್ಕಂತೂ ಬೇಡ್ವೇ ಬೇಡ. ಬೀದೀಲಿರೋ ಕಂಪನಿಗಳೆಲ್ಲಾ ಅದನ್ನೇ ಮಾಡ್ತಿವೆ. ಆಕಾಶದಿಂದ ಒಬ್ಬನ್ನ ಉದುರಿಸು. ಮತ್ತೆ ನೋಡು, ನೆರಳು ಗಿರಳು ಬರೀಬೇಡ. ನೆರಳಿಗೆ ಬಣ್ಣ ಬಳಿಯೋಕೆ ಇನ್ನೊಬ್ಬಳು ಬೇಕಾಗ್ತಾಳೆ."

ಎಮಿಲ್‌ಗೆ ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಕೈಯಲ್ಲಿ ಯಾವಾಗಲೂ ಊರುಗೋಲು. ಬೇರೆಯವರು ಮೇಜಿನ ಮೇಲಿನ ಸಣ್ಣ ಕನ್ನಡಿಯಲ್ಲಿ ಮುಖ ಕಿವುಚಿಕೊಂಡು ಚಿತ್ರ ಬರೆದರೆ, ಇವನು ಮೂರು ದಿನ ಹಜಾರದ ದೊಡ್ಡ ಕನ್ನಡಿಯ ಮುಂದೆ ಅತ್ತಿಂದಿತ್ತ ನಡೆದ. ಕಾಗದದ ಮೇಲೆ ಆ ಊರುಗೋಲು ಮೂರನೇ ಕಾಲಾಯಿತು. ತಲೆ ಬದನೆಕಾಯಿಯಂತೆ, ಕಣ್ಣು ಎರಡು ತಟ್ಟೆ, ಬಾಯಿ ಇಲ್ಲ. ಎರಡು ಹೆಜ್ಜೆ, ಒಂದು ಎಳೆತ.

ಎಮಿಲ್‌ನ ತಂಗಿ ವರ್ನಾ ನಮ್ಮಲ್ಲೇ ಮಸಿಯ ಕೆಲಸ ಮಾಡುತ್ತಿದ್ದಳು. ಕಾಗದದ ಚಿತ್ರದ ಮೇಲೆ ಸೆಲ್ ಎಂಬ ಪಾರದರ್ಶಕ ಹಾಳೆ ಹಾಸಿ, ಚೂಪು ನಿಬ್ಬಿನಿಂದ ಗೆರೆ ತೆಗೆಯುವ ಕೆಲಸ. ಮೊದಲ ಚಿತ್ರ ನೋಡಿದವಳೇ ನಕ್ಕಳು.

"ಎಮಿಲ್, ಇದು ನಿನ್ ನಡಿಗೇನೇ ಅಲ್ವೇನೋ!"

"ಮತ್ತೆ? ಬಾಡಿಗೆಗೆ ಬೇರೆ ಕಾಲು ತರ್ಲಾ?"

"ನೆರಳಿಲ್ದೆ ಹೇಗೋ ನಿಲ್ತಾನೆ ಇವನು?"

"ಇಲ್ಲ ಅಂತಾನೇ ಭೂಮಿಗೆ ಬರ್ತಾನೆ ಕಣೇ. ಶನಿಗ್ರಹದಲ್ಲಿ ಯಾರಿಗೂ ನೆರಳಿಲ್ಲ. ಕತ್ತರಿ ಹಿಡ್ಕೊಂಡು ಬಂದು ನಮ್ಮೋರ ನೆರಳನ್ನ ಹಿಮ್ಮಡಿ ಹತ್ರ ಕತ್ತರಿಸಿ, ಸುತ್ತಿ ಸೂಟ್‌ಕೇಸಿಗೆ ತುಂಬ್ಕೋತಾನೆ."

ಹೀಗೆ ಹುಟ್ಟಿದ ಕ್ವಿಲ್ಬಿ. ಏಳು ವರ್ಷದಲ್ಲಿ ಐದು ಚಿತ್ರಗಳಲ್ಲಿ ಬಂದ, ಐದರಲ್ಲೂ ಕೋಳಿಯ ಕೈಯಲ್ಲಿ ಸೋತ. ಜನ ಮಾತ್ರ ಗೆದ್ದ ಕೋಳಿಯನ್ನು ಮರೆತು ಸೋತವನನ್ನು ನೆನಪಿಟ್ಟುಕೊಂಡರು. ಥಿಯೇಟರಿನಿಂದ ಹೊರಬಂದವರು ಬಿಸಿಲಿಗೆ ಕಾಲಿಟ್ಟ ಕೂಡಲೇ ಒಮ್ಮೆ ಹಿಂದಕ್ಕೆ ತಿರುಗಿ ನೆಲ ನೋಡಿಕೊಳ್ಳುತ್ತಿದ್ದರು. ಫ್ರೆಸ್ನೋ ಊರಿನಲ್ಲಿ ಒಬ್ಬ ಪೊಲೀಸಿನವನು ತನ್ನ ನೆರಳು ಕಳುವಾಗಿದೆ ಎಂದು ತನ್ನ ಠಾಣೆಯಲ್ಲೇ ದೂರು ಕೊಟ್ಟನಂತೆ. ಆಗ ಮಟಮಟ ಮಧ್ಯಾಹ್ನವಾಗಿತ್ತು, ಪಾಪ.

ಆರನೆಯ ಚಿತ್ರದ ಹೊತ್ತಿಗೆ ಎಮಿಲ್‌ನ ಶ್ವಾಸಕೋಶ ಕೆಟ್ಟಿತ್ತು. ಹಾಸಿಗೆಯಲ್ಲಿ ಒರಗಿ, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಒಂದೇ ಒಂದು ದೃಶ್ಯ ಬರೆದ. ಸೋತ ಕ್ವಿಲ್ಬಿ ಖಾಲಿ ಸೂಟ್‌ಕೇಸ್ ಹಿಡಿದು ಕೋಳಿಯ ಅಂಗಳ ದಾಟಿ, ಬೆನ್ನು ತೋರಿಸಿ, ಸಣ್ಣದಾಗುತ್ತಾ ಬೇಲಿಯಾಚೆ ಹೋಗಿಬಿಡುತ್ತಾನೆ. ತೊಂಬತ್ತಾರು ಚಿತ್ರ. ತೊಂಬತ್ತಾರನೆಯದು ಮುಗಿದ ವಾರ, ಐವತ್ಮೂರರ ಮಾರ್ಚಿನಲ್ಲಿ, ಎಮಿಲ್ ಹೋದ.

ವರ್ನಾ ಆ ತೊಂಬತ್ತಾರನ್ನೂ ತಾನೇ ಸೆಲ್ ಹಾಳೆಗಿಳಿಸಿದಳು. ಬೇರೆ ಯಾರಿಗೂ ಮುಟ್ಟಲು ಕೊಡಲಿಲ್ಲ. ನಿಬ್ಬನ್ನು ಎಷ್ಟು ಒತ್ತಿ ಬರೆದಳೆಂದರೆ ಹಾಳೆ ಕಿರ್ ಎನ್ನುವುದು ಹಳೆಯ ಸೆಲ್ ತೊಳೆಯುವ ನನ್ನ ತೊಟ್ಟಿಯವರೆಗೆ ಕೇಳಿಸುತ್ತಿತ್ತು.

ಆ ಬೇಸಿಗೆಯಲ್ಲಿ ಜನರಿಗೆ ರಟ್ಟಿನ ಕನ್ನಡಕ ಹಾಕಿಕೊಂಡು, ಪರದೆಯಿಂದ ಮೈಮೇಲೆ ಬೀಳುವಂಥ ಸಿನಿಮಾ ನೋಡುವ ಹುಚ್ಚು ಹಿಡಿದಿತ್ತು. ಪೆಲ್‌ಹ್ಯಾಮ್ ಹೆದರಿ ಆರನೆಯ ಚಿತ್ರವನ್ನು ಅರ್ಧಕ್ಕೇ ನಿಲ್ಲಿಸಿದರು. ಕಾಗದದ ಚಿತ್ರಗಳು ಒಲೆಗೆ ಹೋದವು. ಸೆಲ್ ಹಾಳೆಗಳು ತೊಳೆಯಲು ನನ್ನ ಹತ್ತಿರ ಬಂದವು. ತೊಳೆದ ಹಾಳೆಯ ಮೇಲೆ ಮುಂದಿನ ಚಿತ್ರ ಬರೆಯುವುದು ನಮ್ಮಲ್ಲಿ ರೂಢಿ.

ವರ್ನಾ ಯಜಮಾನರ ಬಾಗಿಲಲ್ಲಿ ನಿಂತಳು.

"ಒಂದೇ ಒಂದ್ಸಲ ಕ್ಯಾಮೆರಾ ಕೆಳಗಿಡಿ ಮಿಸ್ಟರ್ ಪೆಲ್‌ಹ್ಯಾಮ್. ಎಂಟು ಸೆಕೆಂಡು. ಅವನು ಬರೆದದ್ದು ನಡೆದಾಡೋದನ್ನ ನಾನಿನ್ನೂ ನೋಡೇ ಇಲ್ಲ."

"ಕೈಯಲ್ಲಿ ಹಿಡ್ದು ಪರಪರ ಅಂತ ತಿರುಗಿಸಿ ನೋಡ್ಕೋಮ್ಮ."

"ಕಾಗದ ಆಗಿದ್ರೆ ತಿರುಗಿಸ್ತಿದ್ದೆ. ಸೆಲ್ಲು ಒಂದಕ್ಕೊಂದು ಅಂಟ್ಕೊಳ್ಳತ್ತೆ, ನಿಮಗೂ ಗೊತ್ತು."

ಪೆಲ್‌ಹ್ಯಾಮ್ ಕೆಟ್ಟವರಲ್ಲ. ಆದರೆ ಆ ವಾರ ಅವರು ಆರು ಜನರನ್ನು ಮನೆಗೆ ಕಳಿಸಿದ್ದರು. "ನಿನಗೆ ಎಂಟು ಸೆಕೆಂಡು ಕೊಟ್ರೆ ಉಳಿದೋರಿಗೆ ಏನ್ ಹೇಳ್ಲಿ? ಆಗಲ್ಲ ವರ್ನಾ," ಎಂದು ಬಾಗಿಲು ಹಾಕಿಕೊಂಡರು.

ತೊಳೆಯುವವನಿಗೆ ಎರಡು ನಿಯಮ. ನಿಬ್ಬು ಗೀರಿದ ಹಾಳೆ ಕಂಡರೆ ಎಸೆಯಬೇಕು. ಉಳಿದವನ್ನು ಇಸ್ಪೀಟಿನ ಎಲೆಯಂತೆ ಕಲಸಿ ಇಡಬೇಕು. ಆ ದಿನ ನಾನು ಎರಡನ್ನೂ ಮಾಡಲಿಲ್ಲ. ವರ್ನಾ ತೊಟ್ಟಿಯ ಪಕ್ಕದಲ್ಲೇ ನಿಂತಿದ್ದಳು, ಹೆಣಕ್ಕೆ ಸ್ನಾನ ಮಾಡಿಸುವಾಗ ಮನೆಯವರು ನಿಲ್ಲುವ ಹಾಗೆ. ಅವಳ ಕಣ್ಣೆದುರಿಗೆ ಒಂದನ್ನು ಎಸೆಯುವುದು, ಇನ್ನೊಂದನ್ನು ಕಲಸುವುದು ನನ್ನ ಕೈಯಲ್ಲಾಗಲಿಲ್ಲ. ಒಂದರಿಂದ ತೊಂಬತ್ತಾರರವರೆಗೆ ಸಾಲಾಗಿ ತೊಳೆದೆ, ಸಾಲಾಗಿ ತಂತಿಗೆ ಸಿಕ್ಕಿಸಿದೆ. ಬಿಸಿನೀರಿನಲ್ಲಿ ಕ್ವಿಲ್ಬಿಯ ಹಸಿರು ಕರಗಿ ನನ್ನ ಮೊಣಕೈವರೆಗೆ ಹತ್ತಿತು. ಕೊನೆಯ ಹಾಳೆ ಮುಗಿದ ಮೇಲೆ ಅವಳು ತನ್ನ ಮೇಜಿಗೆ ಹೋದಳು.

ಆಮೇಲೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂತು. ಫ್ಯಾನು ತಿರುಗುತ್ತಿತ್ತು. ಹಾಳೆಗಳು ಒಂದರ ಹಿಂದೊಂದು ಅಲ್ಲಾಡಿದವು. ಎದುರಿನ ಸುಣ್ಣದ ಗೋಡೆಯ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ, ಏನೋ ಸರಿಯಿತು. ಎರಡು ಹೆಜ್ಜೆ, ಒಂದು ಎಳೆತ.

 ಓಡಿಹೋಗಿ ವರ್ನಾಳನ್ನು ಕರೆದೆ. ಅವಳು ತಲೆ ಎತ್ತಲಿಲ್ಲ.

"ನೀರು ಕೇಳಿದ ಕೋಳಿಮರಿ ಜೊತೆ ಇದನ್ನೂ ಕಟ್ಟಿಟ್ಕೋ ಡೆಲ್ಮರ್. ನನ್ನಣ್ಣನ್ನ ನಿನ್ನ ಕಥೆಗೆ ಎಳೀಬೇಡ."

ನಾನು ವಾಪಸ್ಸು ಬಂದು, ಒಣಗಿದ ಹಾಳೆಗಳನ್ನು ಅದೇ ಸಾಲಿನಲ್ಲಿ ಕಟ್ಟಿಟ್ಟೆ. 

ಆ ತೊಂಬತ್ತಾರು ಹಾಳೆಗಳ ಕಟ್ಟು ಇದ್ದ ಹಾಗೇ ಡಾಟಿಯ ಹೊಸ ಚಿತ್ರಕ್ಕೆ ಹೋಯಿತು. ಮೇಜಿನ ಮೇಲೆ ಮಲಗಿಸಿದಾಗ ಗೀರು ಯಾರ ಕಣ್ಣಿಗೂ ಬೀಳಲಿಲ್ಲ. ಹುಡುಗಿಯರು ಅವುಗಳ ಮೇಲೆ ಕೋಳಿ ಬರೆದರು. ಕ್ಯಾಮೆರಾದವನು ಗಸ್, ಎರಡೂ ಬದಿಯಿಂದ ದೀಪ ಹಾಕಿ, ಗಾಜಿನಡಿ ಒತ್ತಿ, ಒಂದೊಂದನ್ನೇ ಚಿತ್ರೀಕರಿಸಿದ.

ಮೂರು ವಾರದ ಮೇಲೆ, ಊಟದ ಹೊತ್ತಿಗೆ ಮುಂಚೆ, ಚಿಕ್ಕ ಕೋಣೆಯಲ್ಲಿ ಚಿತ್ರ ನೋಡಲು ಪೆಲ್‌ಹ್ಯಾಮ್ ಮತ್ತು ಗಸ್ ಕೂತರು. ಕಾಫಿ ತಂದ ನಾನು ಬಾಗಿಲಲ್ಲೇ ನಿಂತೆ. ಕೋಳಿ ಅಂಗಳದಲ್ಲಿ ಕಾಳು ಹೆಕ್ಕುತ್ತಿತ್ತು. ಅದರ ಮೈಯೊಳಗಿಂದ ಬೂದುಬಣ್ಣದ ಗೆರೆಯೊಂದು ಎದ್ದು ಹೊರಬಂದು ಮೂರು ಕಾಲಿನ ಮೇಲೆ ನಡೆಯಿತು.

"ನಿಲ್ಸು! ಗಸ್, ಏನಯ್ಯಾ ಅದು?"

"ಹಾಳೆ ಗೀರಿದೆ ಸಾರ್. ದೀಪಕ್ಕೆ ಮಿಂಚ್ತಿದೆ. ಗೀರಿದ್ದನ್ನ ಯಾರೋ ಆರಿಸಿ ಎಸೆದಿಲ್ಲ."

"ಆ ಯಾರೋ ನಾನೇ," ಎಂದೆ.

ಪೆಲ್‌ಹ್ಯಾಮ್ ನನ್ನನ್ನು ನೋಡಿದ ನೋಟಕ್ಕೆ ಕೈಯಲ್ಲಿದ್ದ ಕಾಫಿ ಮತ್ತೆ ಕುದಿಯಬೇಕಿತ್ತು. "ಮೊದಲಿಂದ ಹಾಕು ಗಸ್. ಎಲ್ಲಿವರೆಗೆ ಹಾಳಾಗಿದೆ ಎಣಿಸು," ಎಂದರು.

ಅಷ್ಟರಲ್ಲಿ ನಾನು ವರ್ನಾಳ ಮೇಜಿಗೆ ಓಡಿದ್ದೆ.

"ಬಾ. ಈಗ್ಲೇ ಬಾ."

"ಸುಳ್ಳಾದ್ರೆ ಈ ಮಸಿ ಪೂರ್ತಿ ನಿನ್ ಮುಖಕ್ಕೆ."

"ಬಾಟ್ಲಿ ಹಿಡ್ಕೊಂಡೇ ಬಾ."

ಅವಳು ನಿಜವಾಗಿಯೂ ಬಾಟಲಿ ಹಿಡಿದೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ದೀಪ ಆರಿತು. ಕ್ವಿಲ್ಬಿ ನಡೆದ. ಸೂಟ್‌ಕೇಸ್ ಒಂದು ಕಡೆ ವಾಲಿತ್ತು, ಹೆಗಲು ಒಂದು ಕಡೆ. ಎಮಿಲ್ ಬಾಗಿಲು ದಾಟುವಾಗ ಒಂದು ಕ್ಷಣ ತಡೆದು ಉಸಿರು ತೆಗೆದುಕೊಳ್ಳುತ್ತಿದ್ದನಲ್ಲ, ಬೇಲಿಯ ಹತ್ತಿರ ಇವನೂ ಹಾಗೇ ತಡೆದ. ವರ್ನಾ ಎದ್ದು ನಿಂತಳು. ಗಸ್ ಎಣಿಸುತ್ತಿದ್ದ. "ತೊಂಬತ್ನಾಲ್ಕು. ತೊಂಬತ್ತೈದು. ತೊಂಬತ್ತಾರು. ಮುಗೀತು ಸಾರ್. ಇಲ್ಲಿಂದಾಚೆ ಪೆಟ್ಟಿಗೆ ಒಡೆದ ಹೊಸ ಹಾಳೆ."

ಮುಗಿದಿರಲಿಲ್ಲ. ಬೇಲಿಯಾಚೆ ಚುಕ್ಕಿಯಷ್ಟಾಗಿದ್ದವನು ತಿರುಗಿದ. ವಾಪಸ್ಸು ಬರತೊಡಗಿದ. ಬಂದಂತೆ ದೊಡ್ಡವನಾದ, ಕೋಳಿಗಿಂತ, ಮನೆಗಿಂತ. ಕೊನೆಗೆ ಪರದೆಯ ತುಂಬ ಆ ಬಾಯಿಲ್ಲದ ಮುಖ. ಕತ್ತಲ ಕೋಣೆಯೊಳಗೆ ಯಾರು ಕೂತಿದ್ದಾರೆಂದು ಕಿಟಕಿಯಿಂದ ಇಣುಕುವವರ ಹಾಗೆ ಅದು ಬಗ್ಗಿತು. ತಟ್ಟೆಗಣ್ಣು ನಿಧಾನವಾಗಿ ಸಾಲುಸಾಲು ಹುಡುಕಿತು. ಪೆಲ್‌ಹ್ಯಾಮ್‌ರನ್ನು ದಾಟಿತು. ಎದ್ದು ನಿಂತಿದ್ದ ವರ್ನಾಳನ್ನೂ ದಾಟಿತು. ಬಾಗಿಲಿಗೆ ಬಂದು ನನ್ನ ಮೇಲೆ ನಿಂತಿತು. ನಾನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ರೀಲು ಮುಗಿದು ಪಟಪಟ ಹೊಡೆದುಕೊಂಡಿತು.

"ಅದನ್ನ ಬರೆದೋರು ಯಾರು?" ಪೆಲ್‌ಹ್ಯಾಮ್ ಕೇಳಿದರು.

"ಎಮಿಲ್ ಬರೀಲಿಲ್ಲ. ನಾನೂ ಬರೀಲಿಲ್ಲ," ಎಂದಳು ವರ್ನಾ.

"ಇನ್ನೊಂದ್ಸಲ ಹಾಕು ಗಸ್."

ಗಸ್ ಮತ್ತೆ ಹಾಕಿದ. ಈ ಸಲ ಅಂಗಳದಲ್ಲಿ ಕೋಳಿ ಒಂದೇ. ಒಂದು ಗೆರೆ ಇಲ್ಲ, ಒಂದು ಗೀರೂ ಇಲ್ಲ. ನಾಲ್ಕು ಸಲ ಹಾಕಿದರು. ಫಿಲ್ಮನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದರು. ಕಾಳು, ಕೋಳಿ, ಬೇಲಿ, ಅಷ್ಟೇ. ಮತ್ತೆ ಚಿತ್ರೀಕರಿಸಿ ಎನ್ನಲು ಪೆಲ್‌ಹ್ಯಾಮ್‌ಗೆ ತಪ್ಪೇ ಸಿಗಲಿಲ್ಲ, ನನ್ನನ್ನು ಕೆಲಸದಿಂದ ತೆಗೆಯಲು ಕಾರಣವೂ ಸಿಗಲಿಲ್ಲ. ಟೋಪಿ ಹಾಕಿಕೊಂಡು ಊಟ ಬಿಟ್ಟು ಮನೆಗೆ ಹೋದರು.

ಹಜಾರದಲ್ಲಿ ವರ್ನಾ ನನ್ನ ತೋಳು ಹಿಡಿದಳು.

"ನಂಗೆ ಕಣ್ತುಂಬ ನೀರು ಬಂದಿತ್ತು, ಕೊನೇಲಿ ಏನೂ ಕಾಣಿಸ್ಲಿಲ್ಲ. ನೀನು ಬಾಗಿಲಲ್ಲೇ ಇದ್ದೆ. ಅವನು ಯಾರನ್ನೋ ಹುಡುಕ್ತಿದ್ದ, ಅಲ್ವಾ?"

"ಹೂಂ."

"ಯಾರನ್ನ ನೋಡ್ದ, ಡೆಲ್ಮರ್?"

"ನಿನ್ನನ್ನೇ," ಎಂದೆ. "ನೇರವಾಗಿ ನಿನ್ನನ್ನೇ ನೋಡ್ದ ವರ್ನಾ. ನೋಡಿದ್ಮೇಲೇ ಹೋದ."

ಅವಳು ಹೌದೆಂಬಂತೆ ತಲೆಯಾಡಿಸಿದಳು, ಮೂಗು ಒರೆಸಿಕೊಂಡಳು, ಇವತ್ತು ಹಸಿವಾಗುತ್ತಿದೆ ಎಂದು ಬೇಕರಿಗೆ ಇಳಿದು ಹೋದಳು. ನಾನು ತೊಟ್ಟಿಯ ಹತ್ತಿರ ಹೋಗಿ, ಗೋಡೆಯ ಕಡೆ ನೋಡದೆ, ಕಿಟಕಿಯ ಪರದೆ ಎಳೆದೆ.