ಉಪ್ಪಿನ ಮೂಲೆಗೆ ಬಂದ ಅಮಲ್ದಾರರು

ಚಟ್ಟ ನಡುದಾರಿಯಲ್ಲಿ ಗಕ್ಕನೆ ನಿಂತುಬಿಟ್ಟಿತು. ಮುಂದೆ ಹೆಗಲು ಕೊಟ್ಟಿದ್ದ ಬೆಟ್ಟಸ್ವಾಮಿ ಹೆಜ್ಜೆ ಕಿತ್ತಿಡಲೊಲ್ಲ. ಹಿಂದಿದ್ದ ಚೆಲುವಯ್ಯ ಮುಗ್ಗರಿಸಿದ. ಮೇಲಿದ್ದ ಮಲ್ಲಯ್ಯನ ಹೆಣ ಹೂವಿನ ಸಮೇತ ಒಂದು ಗೇಣು ಜಾರಿತು.

"ಏನ್ಲಾ ಬೆಟ್ಟ, ಮುಳ್ಳು ತುಳಿದ್ಯಾ?"

"ಮುಳ್ಳಲ್ಲ ಕಣಣ್ಣೋ, ಕೆಳಗ್ ನೋಡು! ಅಮಲ್ದಾರ್ರು ಬಂದವ್ರೆ!"

ಅಮಲ್ದಾರರೆಂದರೆ ನಂಜನಗೂಡಿನ ಕಚೇರಿಯವರಲ್ಲ. ವರ್ಷಕ್ಕೊಮ್ಮೆ ಹುರುಳಿ ಹೂ ಬಿಡುವ ಹೊತ್ತಿಗೆ ಸರಿಯಾಗಿ ಹೆಡಿಯಾಲದ ಕಾಡಿನಿಂದ ಇಳಿದು, ಯಾರನ್ನೂ ಕೇಳದೆ ಫಸಲಿನಲ್ಲಿ ತನ್ನ ಭಾಗ ತಿಂದು ಹೋಗುವ ಒಂಟಿ ಗಂಡು ಕಡವೆ. ಎಡ ಮುಂಗಾಲಿನ ಗೊರಸು ತುದಿಯಲ್ಲಿ ಮುರಿದದ್ದರಿಂದ ಅದರ ಹೆಜ್ಜೆ ಊರಿಗೆಲ್ಲ ಪರಿಚಯ. ಆ ಹೆಸರಿಟ್ಟವನು ಮಲ್ಲಯ್ಯ. ಏಳು ವರ್ಷ ಅದರ ಬೆನ್ನು ಬಿದ್ದು, ಮೂರು ದಿನದ ಜ್ವರಕ್ಕೆ ಕಣ್ಣು ಮುಚ್ಚಿ, ಈಗ ಅದರ ಹೆಜ್ಜೆಯ ಮೇಲೆಯೇ ತೇಲಿಕೊಂಡು ಹೊರಟಿದ್ದ.

ಚಟ್ಟ ಇಳಿಸುವ ಕಲ್ಲು ಇನ್ನೂ ಮುಂದಿತ್ತು. ಆದರೂ ಚಟ್ಟ ಅಲ್ಲೇ ಇಳಿಯಿತು. ತಮಟೆ ನಿಂತಿತು, ಹೆಂಗಸರ ಅಳುವೂ ನಿಂತಿತು. ಹತ್ತು ಜನ ಬೇಟೆಗಾರರು ದಾರಿಯುದ್ದಕ್ಕೂ ಕುಕ್ಕರಗಾಲಲ್ಲಿ ಕೂತರು.

"ಅಂಚು ಇನ್ನೂ ಕುಸ್ದಿಲ್ಲ. ಮಂಜು ಬಿದ್ಮೇಲೆ ತುಳಿದಿರೋದು."

"ಇಕ್ಕೆ ನೋಡ್ಲಾ ಇಲ್ಲಿ, ಒಳಗೆ ಇನ್ನೂ ಅಸಿ ಅದೆ!" ಎಂದು ಒಬ್ಬ ಕಡವೆಯ ಹಿಕ್ಕೆಯನ್ನು ಕಡ್ಡಿಯಿಂದ ಒಡೆದು ತೋರಿಸಿದ.

"ಇದೇನ್ರಯ್ಯಾ!" ಎಂದು ಕೂಗಿಕೊಂಡ ಪುಟ್ಟಸ್ವಾಮಿ. ಇವನು ಸತ್ತವನ ಹೆಂಡತಿ ದೇವೀರಮ್ಮನ ಅಣ್ಣ. ಬನ್ನೂರಿನ ಗದ್ದೆಯ ಮನುಷ್ಯ, ಕಾಲುವೆ ಕಂಡವನೇ ಹೊರತು ಕಾಡು ಕಂಡವನಲ್ಲ. "ಭಾವನ ಎಣ ದಾರೀಲಿ ಮಡಗಿ ಇಕ್ಕೆ ಮೂಸ್ತಾ ಕೂತಿದ್ದೀರಲ್ಲಾ! ಒತ್ತು ಮುಳುಗೋದ್ರೊಳ್ಗೆ ಮಣ್ಣಾಗ್ಬೇಕು, ಎತ್ರಪ್ಪಾ!"

ಚೆಲುವಯ್ಯ ಎದ್ದ. ಎದ್ದವನು ಮೂವತ್ತು ವರ್ಷದ ಅಭ್ಯಾಸದಂತೆ ಮಲ್ಲಯ್ಯನ ಕಡೆ ತಿರುಗಿ, "ಗಾಳಿ ಎತ್ಲಾಗದೆ ಮಲ್ಲಾ?" ಎಂದುಬಿಟ್ಟ. ಎದುರಿಗಿದ್ದದ್ದು ಹಣೆಗೆ ವಿಭೂತಿ ಬಳಿದು, ಬಾಯಿಗೆ ಬಟ್ಟೆ ಕಟ್ಟಿದ್ದ ಮುಖ. ಚೆಲುವಯ್ಯನಿಗೆ ಬೆಳಗಿನಿಂದ ಬಾರದ ಅಳು ಆಗ ಬಂತು.

*

ಪ್ಲೇಗಿನ ವರ್ಷ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಮಲ್ಲಯ್ಯನ ಗುಡಿಸಲು ಕಾಡಂಚಿನ ಹುರುಳಿ ಹೊಲದಲ್ಲಿ. ಒಂದು ಬೆಳಗ್ಗೆ ಎದ್ದು ನೋಡಿದರೆ ಜಿಂಕೆ ಎರಡು ಸಾಲು ಪೂರಾ ಮೇಯ್ದು ಹೋಗಿತ್ತು. ಬೇರೆ ಯಾರೇ ಆಗಿದ್ದರೂ ಬೈದುಕೊಂಡು ಬೇಲಿ ಹಾಕುತ್ತಿದ್ದರು. ಇವನು ಚೆಲುವಯ್ಯನ ಗುಡಿಸಲಿಗೆ ಓಡಿಬಂದ. ಹುಡುಗನ ಹಾಗೆ ಏದುಸಿರು ಬಿಡುತ್ತಿದ್ದ.

"ಚೆಲುವಾ, ನಾವು ಎಂಥಾ ದಡ್ಡರು ಕಣೋ! ಜಿಂಕೆ ಉಡೀಕ್ಕಂಡು ಕಾಡೆಲ್ಲ ಸುತ್ತುತೀವಿ. ಅದ್ಕೆ ಅಂತ್ಲೇ ಬಿತ್ತಿದ್ರೆ ಅದೇ ಉಡೀಕ್ಕಂಡು ಬರಾಕಿಲ್ವಾ?"

ಅಂದಿನಿಂದ ಅರ್ಧ ಎಕರೆ ಜಿಂಕೆಯ ಹೆಸರಿಗೆ ಹೋಯಿತು. ಊರು ನಕ್ಕಿತು. ಮಲ್ಲಯ್ಯ ನಗುವವರ ಜೊತೆ ತಾನೂ ನಕ್ಕು, ಹುರುಳಿಯನ್ನು ಹದಿನೈದು ದಿನ ಬಿಟ್ಟು ಎರಡು ಸಲ ಬಿತ್ತಿದ. ಒಂದು ಬಲಿತರೂ ಇನ್ನೊಂದು ಎಳೆಯದಾಗಿರಬೇಕು. ಅಂಚಿಗೆ ಅವರೆ ಹಾಕಿದ. ಮೂಲೆಯ ಹುಣಸೆ ಮರದ ಬುಡದಲ್ಲಿ ಮಣ್ಣಿಗೆ ಉಪ್ಪು ಕಲಸಿ ನೆಕ್ಕಲು ಬಿಟ್ಟ. ಮರದ ಮೇಲೆ ಬಿದಿರಿನ ಅಟ್ಟಣೆ ಕಟ್ಟಿದ, ಎಡಕ್ಕೆ ತಾನು, ಬಲಕ್ಕೆ ಚೆಲುವಯ್ಯ. ಅಟ್ಟಣೆ ಹತ್ತುವ ದಿನ ಸೀಗೆಕಾಯಿ ಸ್ನಾನ ಇಲ್ಲ, ಹೊಗೆಸೊಪ್ಪು ಇಲ್ಲ. ಸೊಂಟದಲ್ಲಿ ಬೂದಿಯ ಚೀಲ. ಚಿಟಿಕೆ ಬೂದಿ ಉದುರಿಸಿ ಗಾಳಿ ನೋಡುವುದು, ಕಾಡಿನ ಕಡೆಯಿಂದ ಬೀಸಿದರೆ ಮಾತ್ರ ಕೂರುವುದು.

"ಜನದ ವಾಸನೆ ಸಿಕ್ರೆ ಓಡೋಯ್ತದೆ ಅಂತೀಯಲ್ಲ, ನೀನು ದಿನಾ ಅಲ್ಲೇ ಕಳೆ ಕೀಳ್ತೀಯಲ್ಲೋ?" ಎಂದು ಚೆಲುವಯ್ಯ ಒಮ್ಮೆ ಕೇಳಿದ್ದ.

"ಅದ್ಕೇ ಕೀಳೋದು. ನನ್ ವಾಸನೆ ಅದ್ಕೆ ವಾಡಿಕೆ ಆಗ್ಬೇಕು. ಎದರ್ಕೊಳ್ಳೋದು ಒಸಬರ ವಾಸನೆಗೆ."

*

ಗುಂಡಿ ಹುಣಸೆಯ ಬುಡದಲ್ಲೇ ತೋಡಿತ್ತು. ಸಾಯುವ ಹಿಂದಿನ ದಿನ ಮಲ್ಲಯ್ಯ ಅದೊಂದನ್ನೇ ಕೇಳಿಕೊಂಡಿದ್ದನಂತೆ. ಹೂಬಿಟ್ಟ ಹುರುಳಿಯೊಳಗೆ ಒಬ್ಬನೂ ಕಾಲಿಡದೆ, ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ಪುಟ್ಟಸ್ವಾಮಿ ಅಡ್ಡ ಹಾಯಲು ಹೋದಾಗ ನಾಲ್ಕು ಕೈ ಒಟ್ಟಿಗೆ ಅವನ ಕಂಬಳಿ ಹಿಡಿದೆಳೆದವು.

ಗುಂಡಿಗೆ ಹಿಡಿ ಉಪ್ಪು ಹಾಕುವುದು ವಾಡಿಕೆ. ದೇವೀರಮ್ಮ ಮಡಿಲಿನಿಂದ ಮೂರು ಸೇರಿನ ಗಂಟು ತೆಗೆದಳು. ಅರ್ಧ ಒಳಗೆ ಸುರಿದಳು. ಮಣ್ಣು ಮುಚ್ಚಿದ ಮೇಲೆ ಉಳಿದದ್ದನ್ನು ಗುಡ್ಡೆಯ ಮೇಲೆಲ್ಲ ಚೆಲ್ಲಿದಳು.

"ಇಷ್ಟೊಂದು ಯಾಕವ್ವಾ?" ಎಂದ ಪುಟ್ಟಸ್ವಾಮಿ.

"ವರ್ಷಾ ವರ್ಷಾ ಕಾರ್ತೀಕದಲ್ಲಿ ಇಲ್ಲಿಗೆ ಮೂರು ಸೇರು ಆಕೋರು. ಈ ಸಲ ಜ್ವರ ಬಂದು ಆಕಕ್ಕಾಗ್ಲಿಲ್ಲ ಅಂತ ಕೊರಗ್ತಿದ್ರು."

ಬಳಿಕ ಅವಳು ಚೆಲುವಯ್ಯನ ಮುಂದೆ ಬಂದು ಗಂಡನ ಕೋವಿ ಚಾಚಿದಳು. ಬೇಟೆಗಾರನನ್ನು ಮಣ್ಣು ಮಾಡಿದರೆ ಅವನ ಅಟ್ಟಣೆಯಿಂದ ಒಂದು ಬರೀ ಮದ್ದಿನ ಈಡು ಹಾರಿಸಬೇಕು. ಆ ಸದ್ದು ಕೇಳುವ ತನಕ ಉಳಿದವರು ದೂರದ ಬದುವಿನಲ್ಲಿ ಬೆನ್ನು ಹಾಕಿ ನಿಲ್ಲಬೇಕು, ಹಿಂತಿರುಗಿ ನೋಡಕೂಡದು. ಅದು ಆ ಊರ ಕಟ್ಟಳೆ.

"ಅಟ್ಟಣೆ ನೀನೇ ಅತ್ತಬೇಕು ಕಣಣ್ಣಾ."

ಚೆಲುವಯ್ಯ ಕೈ ಹಿಂದೆಳೆದುಕೊಂಡ. "ನಾನು ಬ್ಯಾಡ ತಾಯಿ. ಬೆಟ್ಟ ಅತ್ಲಿ. ನನ್ನ ಅವ್ನೇ ಇಳಿಸಿದ್ದ. ಸಾಯೋವಾಗ ನನ್ ಬಗ್ಗೆ ಏನಾರ ಏಳಿದ್ನಾ?"

"ಇಲ್ಲ. ಏಳ್ತಾ ಇರೋಳು ನಾನು."

*

ಇಳಿಸಿದ್ದು ನಾಲ್ಕು ವರ್ಷದ ಹಿಂದೆ. ಆ ಸಂಜೆ ಅಮಲ್ದಾರರು ಹುರುಳಿಯ ನಡುವೆ ಇಪ್ಪತ್ತೇ ಮಾರು ದೂರದಲ್ಲಿ ಮಗ್ಗುಲು ಕೊಟ್ಟು ನಿಂತಿದ್ದರು. ಮಲ್ಲಯ್ಯನ ಕೋವಿ ನಿಧಾನವಾಗಿ ಮೇಲೇಳುತ್ತಿತ್ತು. ಚೆಲುವಯ್ಯ ಬಲಗಡೆ ಕೂತಿದ್ದ. ಮೈ ವಾಸನೆ ಮುಚ್ಚಲೆಂದು ಅವನು ಅಂದು ಮನೆಯ ಒಲೆಯ ಬೂದಿಯನ್ನು ತಲೆಯಿಂದ ಕಾಲಿನವರೆಗೆ ಬಳಿದುಕೊಂಡು ಬಂದಿದ್ದ. ಆ ಒಲೆಯಲ್ಲಿ ಮಧ್ಯಾಹ್ನ ಹೆಂಡತಿ ದೃಷ್ಟಿ ತೆಗೆದ ಒಣಮೆಣಸಿನಕಾಯಿ ಸುಟ್ಟಿದ್ದಳೆಂದು ಅವನಿಗೇನು ಗೊತ್ತು? ಗಂಟಲಲ್ಲಿ ಕಡ್ಡಿ ಆಡಿಸಿದಂತಾಯಿತು. ಉಗುಳು ನುಂಗಿದ. ಕಂಬಳಿ ಕಚ್ಚಿದ. ಕಣ್ಣಲ್ಲಿ ನೀರು ಸುರಿಯಿತು. ಆಮೇಲೆ ಕೆಮ್ಮು ಎಂಥದ್ದು ಬಂತೆಂದರೆ, ಅಟ್ಟಣೆಯೇ ಅಲುಗಾಡಿತು. ಕಡವೆ ಒಂದೇ ನೆಗೆತಕ್ಕೆ ಮಾಯ.

ಮಲ್ಲಯ್ಯ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ನಿಂಗೆ ಅಟ್ಟಣೆ ಬ್ಯಾಡ ಕಣೋ ಚೆಲುವ, ಇಳಿ" ಎಂದ, ಅಷ್ಟೆ. ಚೆಲುವಯ್ಯ ಇಳಿದ. ಅವನಿಗೂ ಬಿಗುಮಾನ. ಮತ್ತೆ ಬಾ ಎನ್ನಲಿ, ಹತ್ತುತ್ತೇನೆ ಎಂದು ಕಾದ. ಇಬ್ಬರೂ ಒಂದೇ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಎತ್ತು, ಮಳೆ, ಕಂದಾಯ ಎಲ್ಲವನ್ನೂ ಮಾತಾಡಿದರು. ಅಟ್ಟಣೆಯ ಸುದ್ದಿ ಮಾತ್ರ ನಾಲ್ಕು ವರ್ಷ ಇಬ್ಬರ ಬಾಯಲ್ಲೂ ಬರಲಿಲ್ಲ.

*

ಏಣಿಯ ಒಂದೊಂದು ಗಣ್ಣಿಗೂ ಮಂಡಿ ನೊಂದಿತು. ಚೆಲುವಯ್ಯ ಅಟ್ಟಣೆಯ ಅಂಚು ಹಿಡಿದು ತಲೆ ಎತ್ತಿದ. ನೋಡಿದವನು ಅಲ್ಲೇ ನಿಂತ.

ಎಡಗಡೆ ಮಲ್ಲಯ್ಯನ ಜಾಗ, ಕೂತು ಕೂತು ಸವೆದ ಹಳೆಯ ಬಿದಿರು. ಬಲಗಡೆ ಹೊಸ ಬಿದಿರು. ಹೊಸ ಕತ್ತಾಳೆ ಹಗ್ಗ, ಇನ್ನೂ ಬಿಳಿ ಮಾಸಿರಲಿಲ್ಲ. ಎರಡು ಮಡಿಕೆ ಗೋಣಿ ಹಾಸಿತ್ತು. ಕೈಗೆಟುಕುವ ಕೊಂಬೆಗೆ ಒಂದು ಬಟ್ಟೆಯ ಗಂಟು ಕಟ್ಟಿತ್ತು. ಬಿಚ್ಚಿದರೆ ಒಳಗೆ ನಾಲ್ಕು ತುಂಡು ಅತಿಮಧುರದ ಬೇರು, ಅದೇ ಕೆಮ್ಮಿಗೆ ಅಗಿಯುವುದು.

"ಅಯ್ಯೋ ಮುಂಡೇದೇ," ಎಂದ ಚೆಲುವಯ್ಯ, "ಒಂದು ಮಾತು ಕರೀಬಾರ್ದಾಗಿತ್ತಾ!"

ಬಲಗಡೆ ಕೂತ. ಕೋವಿ ತೊಡೆಯ ಮೇಲಿತ್ತು. ದೂರದ ಬದುವಿನ ಮೇಲೆ ಜನ ಸಾಲಾಗಿ ಬೆನ್ನು ಹಾಕಿ ನಿಂತಿದ್ದರು. ಹೊತ್ತು ಮುಳುಗುವುದರಲ್ಲಿತ್ತು. ಗಾಳಿ ಕಾಡಿನ ಕಡೆಯಿಂದ ತಣ್ಣಗೆ ಬೀಸುತ್ತಿತ್ತು. ಬೂದಿ ಉದುರಿಸಿ ನೋಡುವ ಅಗತ್ಯವಿರಲಿಲ್ಲ. ಇನ್ನು ಹಾರಿಸೋಣ ಎಂದು ಕೋವಿಯ ಕುದುರೆಗೆ ಬೆರಳು ಹಾಕಿದ.

ಅಷ್ಟರಲ್ಲಿ ಲಂಟಾನದ ಪೊದೆ ಅಲುಗಿತು.

ಮೊದಲು ಕೊಂಬು, ಆಮೇಲೆ ಕುತ್ತಿಗೆಯ ಕಪ್ಪು ಜೂಲು, ಆಮೇಲೆ ಎಮ್ಮೆಯಷ್ಟು ಎತ್ತರದ ಮೈ. ಅಮಲ್ದಾರರು ಹೊರಗೆ ಬಂದರು. ಚೆಲುವಯ್ಯನ ಎದೆ ಮತ್ತೆ ಇಪ್ಪತ್ತು ವರ್ಷದವನ ಎದೆಯಂತೆ ಕುಣಿಯತೊಡಗಿತು. ಕಡವೆ ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ಮೂಗನ್ನು ಮೇಲೆತ್ತಿ ಗಾಳಿ ಎಳೆದುಕೊಂಡು, ಹೊಸ ಮಣ್ಣಿನ ಗುಡ್ಡೆಯ ಬಳಿ ನೆಟ್ಟಗೆ ಬಂತು. ನಿಂತಿತು. ಒಂದು ಗಳಿಗೆ ಅನುಮಾನಿಸಿತು. ಆಮೇಲೆ ಮುರುಕು ಗೊರಸನ್ನು ಮುಂದಿಟ್ಟು, ತಲೆ ತಗ್ಗಿಸಿ, ಉಪ್ಪು ನೆಕ್ಕತೊಡಗಿತು.

ಚೆಲುವಯ್ಯನ ಗಂಟಲಲ್ಲಿ ಕೆರೆತ ಎದ್ದಿತು.

ಬರಬಾರದ ಹೊತ್ತಿಗೇ ಬಂತು ಹಾಳು ಕೆಮ್ಮು! ಒಂದು ತುಂಡು ಬೇರನ್ನು ಬಾಯಿಗೆ ಹಾಕಿ ಕಚ್ಚಿ ಹಿಡಿದ. ಸಿಹಿ ನೀರು ನಾಲಗೆಯಿಂದ ಒಳಕ್ಕಿಳಿಯಿತು. ಕಣ್ಣು ತುಂಬಿ ಹರಿಯಿತು. ಕೆಮ್ಮು ಎದೆಯವರೆಗೆ ಬಂದು, ಅಲ್ಲೇ ಕೂತು, ಮೆಲ್ಲಗೆ ಇಳಿಯಿತು. ಗೆದ್ದೆ ಕಣೋ ಮಲ್ಲಾ, ನೋಡು, ಕೆಮ್ಮಲಿಲ್ಲ ಎಂದು ಅವನ ಜೀವ ಕೂಗುತ್ತಿತ್ತು. ಕುದುರೆಯ ಮೇಲಿಂದ ಬೆರಳನ್ನು ಮೆಲ್ಲಗೆ ತೆಗೆದ.

ಬದುವಿನ ಮೇಲೆ ಪುಟ್ಟಸ್ವಾಮಿಯ ತಾಳ್ಮೆ ಮುಗಿದಿತ್ತು. "ಈಡೆಲ್ರಯ್ಯಾ? ಕತ್ಲಾಯ್ತದೆ..."

"ಶ್!" ಎಂದ ಬೆಟ್ಟಸ್ವಾಮಿ, ತಿರುಗದೆಯೇ. ಪೊದೆ ಅಲುಗಿದ್ದು ಅವನ ಕಿವಿಗೆ ಬಿದ್ದಿತ್ತು. ಒಂಬತ್ತು ಬೇಟೆಗಾರರ ಬೆನ್ನೂ ಒಟ್ಟಿಗೆ ನೆಟ್ಟಗಾಯಿತು. ಕಟ್ಟಳೆ ಕಟ್ಟಳೆಯೇ. ಒಬ್ಬನೂ ಹಿಂತಿರುಗಲಿಲ್ಲ. ಆದರೆ ಉಸಿರೂ ಬಿಡಲಿಲ್ಲ.

ತಿರುಗಿದವಳು ದೇವೀರಮ್ಮ ಒಬ್ಬಳೇ. ಗುಡ್ಡೆಯನ್ನು ನೋಡಿದಳು, ಅದರ ಮೇಲೆ ಬಾಗಿದ ಕೊಂಬುಗಳನ್ನು ನೋಡಿದಳು, ಮೇಲೆ ಅಟ್ಟಣೆಯಲ್ಲಿ ಕಲ್ಲಾಗಿ ಕೂತ ಚೆಲುವಯ್ಯನನ್ನು ನೋಡಿದಳು. ಮತ್ತೆ ಬಾಯಿ ತೆರೆಯಲು ಹೊರಟಿದ್ದ ಅಣ್ಣನ ಬಾಯನ್ನು ಸೆರಗಿನಿಂದ ಮುಚ್ಚಿ, ಅಲ್ಲೇ ಹಿಡಿದುಕೊಂಡಳು. ಹುಣಸೆಯ ಬುಡದಲ್ಲಿ ಒರಟು ನಾಲಗೆ ಮಣ್ಣನ್ನು ಸರಕ್ ಸರಕ್ ಎಂದು ನೆಕ್ಕುತ್ತಲೇ ಇತ್ತು.